ಕಿವಿ ನೋವು ಅಂತಾರೆ, ದವಡೆ ಮುಟ್ಟಿ ನೋಡಿದ್ದೀರಾ?

ಕಿವಿ ನೋವು, ಗುಂಯ್ ಅನ್ನೋ ಸದ್ದು, ಕಿವಿ ಕಟ್ಟಿದ ಹಾಗೆ. ಇಎನ್‌ಟಿ ಡಾಕ್ಟರ್ ನೋಡಿ ಕಿವಿ ಚೆನ್ನಾಗಿದೆ ಅಂದರೆ ಸುಮ್ನೆ ಡ್ರಾಪ್ಸ್ ಹಾಕಿಕೊಳ್ಳಬೇಡಿ. ದವಡೆ ಕೀಲು ಇರೋದು ಕಿವಿಯ ಮುಂದೆಯೇ, ಎರಡಕ್ಕೂ ಹೋಗುವ ನರವೊಂದಿದೆ, ಹಾಗಾಗಿ ಕೀಲಿನ ನೋವು ಕಿವಿಯದ್ದು ಅನಿಸುತ್ತದೆ.

ಹೀಗೆ ಪರೀಕ್ಷಿಸಿ. ಕಿವಿಯ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಅಲ್ಲಿ ನೋವಿದೆಯಾ? ಬಾಯಿ ಒಂದು ಕಡೆ ಸರಿಯುತ್ತಾ? ಅಗಿಯುವಾಗ ಕಿವಿ ನೋವು ಜಾಸ್ತಿ ಆಗುತ್ತಾ? ಹೌದು ಅಂದರೆ ದವಡೆ ಮೇಲೆ ಅನುಮಾನ ಪಡಿ. ನೋವಿಲ್ಲದೆ ಬರೀ ಟಕ್ ಅಂದರೆ ಹೆದರಬೇಡಿ, ಅದು ಎಷ್ಟೋ ಜನರಿಗೆ ಇರುತ್ತದೆ.

ಕೆಲವು ವಾರ ಅಡಿಕೆ, ಚೂಯಿಂಗ್ ಗಮ್ ಬಿಡಿ. ನಮ್ಮ ದಾವಣಗೆರೆಯವರಿಗೆ ಅಡಿಕೆ ಬಿಡೋದು ಕಷ್ಟ, ಗೊತ್ತು, ಆದರೂ ಬಿಡಲೇಬೇಕು. ಬೆಣ್ಣೆ ದೋಸೆ ಮೆತ್ತಗಿದ್ದರೆ ಸಣ್ಣ ತುತ್ತಾಗಿ ತಿನ್ನಿ. ದಿನಕ್ಕೆ ಎರಡು ಸಲ 15 ನಿಮಿಷ ಬಿಸಿ ಬಟ್ಟೆಯ ಶಾಖ ಕೊಡಿ. ಸುಮ್ಮನಿರುವಾಗ ತುಟಿ ಮುಚ್ಚಿರಲಿ, ಹಲ್ಲುಗಳು ತಾಗದಿರಲಿ.

ಕಡಿಮೆ ಆಗದಿದ್ದರೆ ಊರಿನ ದಂತ ಕಾಲೇಜಿಗೆ ಹೋಗಿ. ಕಿವಿ ಸೋರಿದರೆ, ಜ್ವರ ಬಂದರೆ, ದಿಢೀರ್ ಕೇಳಿಸದಿದ್ದರೆ ಮಾತ್ರ ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಓಡಿ.