ಉದ್ದದ ಮೇಲ್ ಥ್ರೆಡ್‌ಗಳನ್ನು ನಾನು ನಿಭಾಯಿಸುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಪರ್ಚೇಸ್ ನೋಡಿಕೊಳ್ಳುತ್ತೇನೆ. ಬಿಡಿಭಾಗ ತರಿಸುವುದು ನನ್ನ ಕೆಲಸ. ಆದರೆ ದಿನದ ದೊಡ್ಡ ಪಾಲು ಹೋಗುವುದು ಮೇಲ್ ಓದುವುದಕ್ಕೆ. ಒಂದು ಲಾಟ್ ರಿಜೆಕ್ಟ್ ಆಯ್ತು ಅಂದರೆ ಸಾಕು. ಕ್ವಾಲಿಟಿಯವರು ಮೇಲ್ ಹಾಕುತ್ತಾರೆ. ಸಪ್ಲೈಯರ್ ಒಪ್ಪುವುದಿಲ್ಲ. ಸ್ಟೋರ್ಸ್‌ನವರು ನಡುವೆ ಬಂದು ಜಾಗ ಇಲ್ಲ ಅನ್ನುತ್ತಾರೆ. ಆ ಕಡೆಯ ಮ್ಯಾನೇಜರ್ ಸೇರುತ್ತಾರೆ, ಈ ಕಡೆಯ ಮ್ಯಾನೇಜರ್ ಬಿಡುತ್ತಾರಾ? ಎರಡು ದಿನ ಕಳೆಯುವಷ್ಟರಲ್ಲಿ ಸಿಸಿಯಲ್ಲಿ ಅರ್ಧ ಆಫೀಸು ಇರುತ್ತದೆ. ಆಮೇಲೆ ಯಾರೋ ಒಬ್ಬರು ‘ಟ್ರೇಲಿಂಗ್ ಮೇಲ್ ನೋಡಿ’ (ಕೆಳಗಿರುವ ಹಳೆಯ ಮೇಲ್‌ಗಳನ್ನು ನೋಡಿ) ಅಂತ ಒಂದೇ ಸಾಲು ಬರೆದು ಇಡೀ ಗಂಟನ್ನು ನನ್ನ ಕಡೆ ತಳ್ಳುತ್ತಾರೆ.

ಹೀಗೆ ಒಂದೇ ವಿಷಯಕ್ಕೆ ಉತ್ತರದ ಮೇಲೆ ಉತ್ತರ ಸೇರಿ ಬೆಳೆದ ಮೇಲ್‌ಗಳ ಗಂಟೇ ಥ್ರೆಡ್. ಇದನ್ನು ಮೇಲಿಂದ ಕೆಳಗೆ ಓದುತ್ತಾ ಹೋದರೆ ತಲೆ ಕೆಡುತ್ತದೆ. ನಾನು ಮೊದಲು ಕಟ್ಟಕಡೆಗೆ ಇಳಿದು ಶುರುವಿನ ಮೇಲ್ ಓದುತ್ತೇನೆ. ಯಾವ ಪಾರ್ಟ್, ಎಷ್ಟು ಪೀಸ್, ಯಾವ ಅಳತೆ ತಪ್ಪಿದೆ ಅನ್ನುವುದು ಅಲ್ಲೇ ಇರುತ್ತದೆ. ಆಮೇಲೆ ಎಲ್ಲಕ್ಕಿಂತ ಹೊಸದನ್ನು ಓದುತ್ತೇನೆ. ನಡುವಿನದರಲ್ಲಿ ಅಂಕಿ, ತಾರೀಖು ಅಥವಾ ಒಪ್ಪಿಗೆ ಕಂಡರೆ ಮಾತ್ರ ನಿಲ್ಲುತ್ತೇನೆ. ‘ನೋಟೆಡ್’, ‘ಜೆಂಟಲ್ ರಿಮೈಂಡರ್’ ಇವೆಲ್ಲ ದಾಟಿಬಿಡುತ್ತೇನೆ.

ಥ್ರೆಡ್ ಅಂದರೆ ಒಂದೇ ನೇರ ಸಾಲು ಅಲ್ಲ ಅನ್ನುವುದನ್ನು ಹೊಸಬರಿಗೆ ಹೇಳಿಕೊಡಬೇಕಾಗುತ್ತದೆ. ಅದು ಮರದ ಹಾಗೆ ಕವಲು ಒಡೆಯುತ್ತದೆ. ಸೋಮವಾರದ ಮೇಲ್‌ಗೆ ಡಿಸೈನ್‌ನವರು ಒಂದು ಉತ್ತರ ಬರೆದರು ಅನ್ನಿ, ಅದೇ ಮೇಲ್‌ಗೆ ಸಪ್ಲೈಯರ್ ಇನ್ನೊಂದು ಬರೆದರು ಅನ್ನಿ. ಒಂದರ ಕೆಳಗೆ ಇನ್ನೊಂದು ಇರುವುದೇ ಇಲ್ಲ. ಇತ್ತೀಚಿನ ಮೇಲ್ ಕೆಳಗೆ ಎಲ್ಲ ಇದೆ ಅಂದುಕೊಂಡವರು ಒಂದು ಕವಲನ್ನಷ್ಟೇ ಓದಿರುತ್ತಾರೆ. ಜಿಮೇಲ್‌ನಲ್ಲಿ ಇನ್ನೊಂದು ತೊಡಕು ಇದೆ. ಸಬ್ಜೆಕ್ಟ್ ಬದಲಾದರೆ ಅಥವಾ ಮೇಲ್‌ಗಳು 100 ದಾಟಿದರೆ ಥ್ರೆಡ್ ತಾನಾಗೇ ತುಂಡಾಗುತ್ತದೆ. ಹಾಗಾಗಿ ಪಿಒ (ಪರ್ಚೇಸ್ ಆರ್ಡರ್) ನಂಬರ್ ಹಾಕಿ ಸರ್ಚ್ ಮಾಡಿ, ಬಂದದ್ದನ್ನೆಲ್ಲ ತಾರೀಖಿನ ಪ್ರಕಾರ ನೋಡುವುದು ನನ್ನ ಅಭ್ಯಾಸ.

ಅಟ್ಯಾಚ್‌ಮೆಂಟ್ ವಿಷಯ ಇದಕ್ಕಿಂತ ಮುಖ್ಯ. ರಿಪ್ಲೈ ಒತ್ತಿದರೆ ಫೈಲ್ ಜೊತೆಗೆ ಹೋಗುವುದಿಲ್ಲ, ಫಾರ್ವರ್ಡ್ ಮಾಡಿದರೆ ಹೋಗುತ್ತದೆ. ಮಧ್ಯದಲ್ಲಿ ಲೂಪ್‌ಗೆ ಸೇರಿದ ಮನುಷ್ಯ ಡ್ರಾಯಿಂಗ್ ನೋಡದೆಯೇ ಡ್ರಾಯಿಂಗ್ ಬಗ್ಗೆ ವಾದ ಮಾಡುತ್ತಿರುತ್ತಾನೆ. ಇದು ನಮ್ಮಲ್ಲಿ ಎಷ್ಟು ಸಲ ಆಗಿದೆ ಅಂದರೆ, ಈಗ ಯಾರನ್ನಾದರೂ ಹೊಸದಾಗಿ ಸೇರಿಸುವಾಗ ಫೈಲನ್ನು ನಾನೇ ಮತ್ತೆ ಹಾಕುತ್ತೇನೆ. ಡ್ರಾಯಿಂಗ್ ಎಷ್ಟನೇ ತಿದ್ದುಪಡಿಯದು ಅನ್ನುವ ರಿವಿಷನ್ ನಂಬರನ್ನೂ ಮೇಲ್‌ನಲ್ಲೇ ಬರೆಯುತ್ತೇನೆ.

ಇಷ್ಟೆಲ್ಲ ಓದುವ ಕಥೆ ಆಯಿತು. ನನಗೆ ನಿಜವಾಗಿ ಕೆಲಸ ಉಳಿಸಿದ್ದು ಬೇರೆ. ವಿಷಯ ಇತ್ಯರ್ಥ ಆದ ತಕ್ಷಣ ಅದನ್ನು ಥ್ರೆಡ್‌ನಿಂದ ಹೊರಗೆ ತೆಗೆಯುತ್ತೇನೆ. ಹಳೆಯದಕ್ಕೆ ಉತ್ತರ ಬರೆಯದೆ ಹೊಸ ಮೇಲ್ ತೆರೆಯುತ್ತೇನೆ. ಸಬ್ಜೆಕ್ಟ್‌ನಲ್ಲಿ ಪಾರ್ಟ್ ನಂಬರ್, ಪಿಒ ನಂಬರ್, ಕೊನೆಗೆ ‘ಫೈನಲ್ ತೀರ್ಮಾನ’. ಒಳಗೆ ಏನು ಒಪ್ಪಿದ್ದೇವೆ, ಯಾರು ಮಾಡಬೇಕು, ಯಾವತ್ತಿನೊಳಗೆ. ಅಷ್ಟೇ. ಹಳೆಯ ಜಗಳ ಬೇಕಾದವರಿಗೆ ಅದನ್ನೇ ಅಟ್ಯಾಚ್‌ಮೆಂಟ್ ಆಗಿ ಸೇರಿಸುತ್ತೇನೆ. ಕೈ ಹಾಕಿ ಕೆಲಸ ಮಾಡಬೇಕಾದವರು ಮಾತ್ರ ‘ಟು’ನಲ್ಲಿ. ಮಿಕ್ಕವರು ಸಿಸಿ.

ಇದರ ಬೆಲೆ ಗೊತ್ತಾಗುವುದು ಆಡಿಟ್ ಹೊತ್ತಿನಲ್ಲಿ. ‘ಈ ಡೀವಿಯೇಷನ್‌ಗೆ ಒಪ್ಪಿಗೆ ಕೊಟ್ಟವರು ಯಾರು’ ಅಂತ ಆಡಿಟರ್ ಕೇಳುತ್ತಾರೆ. ಡೀವಿಯೇಷನ್ ಅಂದರೆ ಹೇಳಿದ ಅಳತೆಗಿಂತ ಸ್ವಲ್ಪ ತಪ್ಪಿದ್ದರೂ ಒಪ್ಪಿಕೊಳ್ಳುವುದು. ಹಿಂದೆ ಒಂದು ಪ್ರಶ್ನೆಗೆ ಮೂರು ವಿಭಾಗದವರು ತಮ್ಮ ತಮ್ಮ ಮೇಲ್ ಬಾಕ್ಸ್ ಕೆದಕುತ್ತಿದ್ದರು. ಈಗ ಒಂದೇ ಮೇಲ್ ತೋರಿಸಿದರೆ ಮುಗಿಯುತ್ತದೆ.

ಫೋನ್ ಮಾತಿಗೂ ಇದೇ ಕ್ರಮ. ನಮ್ಮ ಕಡೆ ಮೇಲ್ ಇಂಗ್ಲಿಷ್‌ನಲ್ಲಿ ನಡೆಯುತ್ತದೆ, ವ್ಯವಹಾರ ಕನ್ನಡದಲ್ಲಿ ಮುಗಿಯುತ್ತದೆ. ಕೂರ್ಗಳ್ಳಿಯ ಮಶೀನ್ ಶಾಪ್‌ನವರಿಗೆ ಫೋನ್ ಮಾಡಿ, “ಅಣ್ಣ, ಈ ಪೀಸ್‌ಗಳನ್ನ ರೀವರ್ಕ್ ಮಾಡಿ ಶನಿವಾರ ಕಳಿಸ್ತೀರಾ?” ಅಂದರೆ, “ಆಯ್ತು ಬಿಡಿ ಸಾರ್” ಅನ್ನುತ್ತಾರೆ. ಹತ್ತು ಮೇಲ್‌ನಲ್ಲಿ ಆಗದ್ದು ಎರಡು ನಿಮಿಷದಲ್ಲಿ ಆಯ್ತು, ಸಂತೋಷ. ಆದರೆ ಆ ಮಾತು ಎಲ್ಲೂ ದಾಖಲಾಗುವುದಿಲ್ಲ ಅಲ್ವಾ? ಅದಕ್ಕೇ ಫೋನ್ ಇಟ್ಟ ಕೂಡಲೇ ‘ಈಗ ಮಾತಾಡಿದಂತೆ’ ಅಂತ ಶುರು ಮಾಡಿ ಎರಡು ಸಾಲು ಕಳಿಸುತ್ತೇನೆ. ಟೀ ಕುಡಿದು ಬಂದು ಬರೆಯೋಣ ಅಂದರೆ ಆಗಲ್ಲ.

ವಾಟ್ಸಾಪ್ ಗ್ರೂಪ್‌ನಲ್ಲಿ ತೀರ್ಮಾನ ಉಳಿಸಿಕೊಳ್ಳುವುದು ಕಷ್ಟ. ಅಲ್ಲಿ ಪಿನ್ ಮಾಡಿದ ಮೆಸೇಜ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ. ಅಷ್ಟರಲ್ಲಿ ಹುಟ್ಟುಹಬ್ಬದ ಕೇಕ್‌ಗಳ ಕೆಳಗೆ ಎಲ್ಲ ಹೂತುಹೋಗಿರುತ್ತದೆ. ಸಪ್ಲೈಯರ್‌ಗಳಿಗೆ ನಾನು ಕೇಳುವುದು ಒಂದೇ. ದೋಷದ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೊ ಅಂತ ಹಾಕಿದರೆ ಅದು ಕುಗ್ಗಿ ಬಂದು, ಬಿರುಕು ಯಾವುದು, ಗೀರು ಯಾವುದು ತಿಳಿಯುವುದಿಲ್ಲ.

ನಾನು ಮಂಡ್ಯದಿಂದ ರೈಲಿನಲ್ಲಿ ಓಡಾಡುವವನು. ಬೆಳಿಗ್ಗೆ ಪಾಂಡವಪುರ ದಾಟುವಷ್ಟರಲ್ಲಿ ಇನ್‌ಬಾಕ್ಸ್ ಮೇಲೆ ಒಂದು ಸಲ ಕಣ್ಣಾಡಿಸುತ್ತೇನೆ. ಇವತ್ತೇ ಆಗಬೇಕಾದ್ದಕ್ಕೆ ಫ್ಲ್ಯಾಗ್ ಹಾಕುತ್ತೇನೆ. ಉತ್ತರ ಮಾತ್ರ ಬರೆಯುವುದಿಲ್ಲ. ಜನರ ನಡುವೆ ನಿಂತು ಒಂದು ಕೈಯಲ್ಲಿ ಟೈಪ್ ಮಾಡಿದ ಉತ್ತರ ಒರಟಾಗಿ ಕೇಳಿಸುತ್ತದೆ, ಅದಕ್ಕೆ ಇನ್ನೊಂದು ಥ್ರೆಡ್ ಹುಟ್ಟುತ್ತದೆ. ಆಫೀಸಿನ ಔಟ್‌ಲುಕ್‌ನಲ್ಲಿ ಒಂದು ರೂಲ್ ಹಾಕಿಕೊಂಡಿದ್ದೇನೆ. ನನ್ನ ಹೆಸರು ಸಿಸಿಯಲ್ಲಿದ್ದರೆ ಮೇಲ್ ಬೇರೆ ಫೋಲ್ಡರ್‌ಗೆ ಹೋಗುತ್ತದೆ. ಊಟ ಆದಮೇಲೆ ಒಮ್ಮೆ, ಹೊರಡುವ ಮುಂಚೆ ಒಮ್ಮೆ ಅದನ್ನು ನೋಡುತ್ತೇನೆ. ಇನ್ನೊಂದು ರೂಲ್ ನಾನು ಕಳಿಸಿದ ಮೇಲನ್ನು ಎರಡು ನಿಮಿಷ ತಡೆದು ಆಮೇಲೆ ಬಿಡುತ್ತದೆ.

ದಸರಾ ರಜೆ ಮುಗಿಸಿ ಬಂದ ದಿನ ಮಾತ್ರ ಬೇರೆ ಲೆಕ್ಕ. ನಾವು ಆಯುಧಪೂಜೆ, ಜಂಬೂಸವಾರಿ ಅಂತ ಮುಳುಗಿರುವಾಗ ಹೊರರಾಜ್ಯದ ಸಪ್ಲೈಯರ್‌ಗಳು ಕೆಲಸ ಮಾಡುತ್ತಲೇ ಇರುತ್ತಾರೆ. ಅವತ್ತು ಹೊಸದರಿಂದ ಹಳೆಯದಕ್ಕೆ ಹೋಗುತ್ತೇನೆ. ಎಷ್ಟೋ ಸಮಸ್ಯೆಗಳು ಅಷ್ಟರಲ್ಲಿ ತಾವೇ ಬಗೆಹರಿದಿರುತ್ತವೆ.

ತೀರ್ಮಾನದ ಮೇಲ್ ಹೋದಮೇಲೂ ಹಳೆಯ ಥ್ರೆಡ್‌ಗೇ ಉತ್ತರಿಸುವವರು ಈಗಲೂ ಇದ್ದಾರೆ. ಅದರಲ್ಲೂ ರಿಪ್ಲೈ ಆಲ್. ಅವರಿಗೆ ನಾನು ಮೇಲ್ ಹಾಕುವುದಿಲ್ಲ. ಫೋನ್ ಮಾಡಿ, “ಸಾರ್, ಹೊಸದ್ರಲ್ಲಿ ಹಾಕ್ಬಿಡಿ” ಅನ್ನುತ್ತೇನೆ.