ಬೆಂಗಳೂರಲ್ಲಿ ನೃತ್ಯ ಕಲಿಯುವವರು ದುಡ್ಡು ಹೊಂದಿಸುವ ಬಗೆ

ನೃತ್ಯ ವಿದ್ಯಾರ್ಥಿಗಳು ತಿಂಗಳ ಫೀಸನ್ನು ಹೇಗೋ ಕಟ್ಟುತ್ತಾರೆ. ಕೈ ಕಟ್ಟಿಹಾಕುವುದು ಒಮ್ಮೆಲೇ ಬರುವ ಖರ್ಚು: ವಿದ್ವತ್ ಎಂಬ ಮೇಲಿನ ಹಂತದ ನೃತ್ಯ ಪರೀಕ್ಷೆ, ಹೊಸ ಕಾಸ್ಟ್ಯೂಮ್, ರಂಗಪ್ರವೇಶ ಅಂದರೆ ಒಬ್ಬರೇ ನೀಡುವ ಮೊದಲ ಪೂರ್ಣ ಕಾರ್ಯಕ್ರಮ. ಹಾಗಾಗಿ ಬಾಡಿಗೆ, ಊಟ, ಫೀಸಿಗೆ ಒಂದು ಖಾತೆ ಇರಲಿ. ಈ ದೊಡ್ಡ ಖರ್ಚುಗಳಿಗೆ ಬೇರೆಯೇ ಒಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ) ಮಾಡಿಸಿ.

ಕಲಿಯುವುದು ಕಾಲೇಜಿನಲ್ಲೋ ಗುರುಗಳ ಬಳಿಯೋ ಎಂಬುದರ ಮೇಲೆ ಯಾವ ನೆರವು ಸಿಗುತ್ತದೆ ಎನ್ನುವುದು ನಿಂತಿದೆ. ಮಾನ್ಯತೆ ಇರುವ ಪದವಿಗೆ ಸೇರಿದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಬಹುದು. ಸರ್ಕಾರಿ ಹಾಸ್ಟೆಲ್ ಸಿಗದ, ಬೇರೆ ಊರಿಂದ ಬಂದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಊಟ-ವಸತಿ ಸಹಾಯವಿದೆ. ಅರ್ಜಿಗಳು ಎಡವುವುದು ಸಣ್ಣಪುಟ್ಟದರಲ್ಲೇ. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಇಲ್ಲವೇ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿರುವುದಿಲ್ಲ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರಗಳನ್ನು ಕಾಲೇಜು ಶುರುವಾಗುವ ಮೊದಲೇ ಮಾಡಿಸಿ, ಅವುಗಳ ಮೇಲೆ ‘RD’ ಎಂದು ಶುರುವಾಗುವ ಸಂಖ್ಯೆ ಅರ್ಜಿಗೆ ಬೇಕು.

ಗುರುಗಳ ಬಳಿಯೇ ಕಲಿಯುವವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಮುಖ್ಯವಾದದ್ದು. 18ರಿಂದ 25 ವರ್ಷದವರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಕನಿಷ್ಠ ಐದು ವರ್ಷ ಕಲಿತಿರಬೇಕು. ಹಣ ಬರುವುದು ಆರಾರು ತಿಂಗಳ ಕಂತಿನಲ್ಲಿ. ಆದ್ದರಿಂದ ಅದನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಇಲ್ಲಿ ತೊಡಕಾಗುವುದು ಕಲಿಕೆಯ ದಾಖಲೆ. ಎಷ್ಟೋ ಕಡೆ ಫೀಸಿಗೆ ರಸೀದಿ ಕೊಡುವ ರೂಢಿಯೇ ಇಲ್ಲ, ಕೇಳಲು ಶಿಷ್ಯರಿಗೂ ಸಂಕೋಚ. ಫೀಸನ್ನು ಯುಪಿಐನಲ್ಲಿ ಕಟ್ಟಿದರೆ ಲೆಕ್ಕ ತಾನೇ ಉಳಿಯುತ್ತದೆ. ಯಾವ ವರ್ಷದಿಂದ ಕಲಿಯುತ್ತಿದ್ದೀರಿ ಎಂಬ ಪತ್ರವನ್ನು ಗುರುಗಳಿಂದ ಮೊದಲೇ ಬರೆಸಿಕೊಳ್ಳಿ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯ ಶಿಷ್ಯವೇತನದ ಪ್ರಕಟಣೆಯ ಮೇಲೂ ಕಣ್ಣಿಟ್ಟಿರಿ.

ಪಿಜಿಯನ್ನು ಕ್ಲಾಸಿನ ಹತ್ತಿರವೇ ಹುಡುಕಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದ ಕಾಲಿಗೆ ಅರಮಂಡಿ (ಮಂಡಿ ಬಾಗಿಸಿ ಅರ್ಧ ಕೂತ ಭಂಗಿ) ಕೂರುವುದು ಕಷ್ಟ. ಅಡ್ವಾನ್ಸ್‌ನಲ್ಲಿ ಖಾಲಿ ಮಾಡುವಾಗ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪಿಜಿ ಕೋಣೆಯಲ್ಲಿ ನೆಲಕ್ಕೆ ಕಾಲು ತಟ್ಟುವ ತಟ್ಟಡವು ಮಾಡಿದರೆ ಕೆಳಗಿನವರು ಮೇಲೆ ಬರುತ್ತಾರೆ. ಕ್ಲಾಸಿಲ್ಲದ ಹೊತ್ತಿನಲ್ಲಿ ಅಭ್ಯಾಸಕ್ಕೆ ಹಾಲ್ ಸಿಗುತ್ತದೆಯೇ ಎಂದು ಗುರುಗಳನ್ನೇ ಕೇಳಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಉಂಟು, ಎಸಿ ವಜ್ರದಲ್ಲಿ ಇಲ್ಲ. ಎಷ್ಟೇ ಬಿಗಿಯಾದರೂ ಊಟದ ದುಡ್ಡಿಗೆ ಮಾತ್ರ ಕತ್ತರಿ ಹಾಕಬೇಡಿ.

ರಂಗಪ್ರವೇಶಕ್ಕೆ ಮೂರು ಲಕ್ಷ ಅಂದುಕೊಳ್ಳಿ. ಎರಡೂವರೆ ವರ್ಷ ಮೊದಲು ಶುರುಮಾಡಿದರೂ ತಿಂಗಳಿಗೆ 10,000 ತೆಗೆದಿಡಬೇಕು. ಆರು ತಿಂಗಳು ಮೊದಲು ಎಚ್ಚೆತ್ತರೆ 50,000. ಹಾಲ್ ಬಾಡಿಗೆ, ಕಾಸ್ಟ್ಯೂಮ್, ಮೇಕಪ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ರಿಹರ್ಸಲ್ ಖರ್ಚು. ಗಾಯನ, ಮೃದಂಗ, ಕೊಳಲು, ಪಿಟೀಲಿನವರಿಗೆ ಕಾರ್ಯಕ್ರಮದ ಸಂಭಾವನೆ ಬೇರೆ, ಪ್ರತಿ ರಿಹರ್ಸಲ್‌ಗೆ ಬೇರೆ. ಜೊತೆಗೆ ಅವರ ಆಟೋ, ಊಟ, ಕೊನೆಗೆ ಶಾಲು, ಹಾರ, ಫಲತಾಂಬೂಲ. ಎಷ್ಟು ರಿಹರ್ಸಲ್ ಎಂದು ಗುರುಗಳ ಮುಂದೆಯೇ ಗೊತ್ತುಮಾಡಿಕೊಂಡು, ಒಂದೆರಡು ಹೆಚ್ಚೇ ಲೆಕ್ಕ ಹಾಕಿ. ಸಾಲ ಮಾಡಬೇಕಾದ ಸ್ಥಿತಿಯಿದ್ದರೆ ರಂಗಪ್ರವೇಶವನ್ನು ಒಂದು ವರ್ಷ ಮುಂದೂಡುವುದೇ ಒಳ್ಳೆಯದು.

ಕಾಸ್ಟ್ಯೂಮ್ ಹೊಲಿಸುವಾಗ ರವಿಕೆ, ಸೊಂಟದ ಹೊಲಿಗೆಯೊಳಗೆ ಎರಡು ಇಂಚು ಬಟ್ಟೆ ಬಿಡಿಸಿ. ಮೈ ತುಂಬಿದರೂ ಬಿಚ್ಚಿ ಹೊಲಿಸಬಹುದು. ಬೆವರಿದ್ದನ್ನು ಹಾಗೇ ಮಡಚಿಟ್ಟರೆ ಜರಿ ಕಪ್ಪಾಗುತ್ತದೆ, ನೆರಳಲ್ಲಿ ಆರಿಸಿ. ಪರೀಕ್ಷೆಗೆ, ಗುಂಪು ನೃತ್ಯಕ್ಕೆ ಸಹಪಾಠಿಗಳ ಒಡವೆ ಎರವಲು ತಂದರೆ ಸಾಕು.

ಸಂಪಾದನೆಗೆ ವಾರಾಂತ್ಯದಲ್ಲಿ ಅಪಾರ್ಟ್‌ಮೆಂಟ್ ಮಕ್ಕಳಿಗೆ ಅಡವು (ನೃತ್ಯದ ಮೊದಲ ಹೆಜ್ಜೆಗಳು) ಹೇಳಿಕೊಡುವುದು ಒಳ್ಳೆಯ ದಾರಿ. ಮೊದಲು ಗುರುಗಳ ಒಪ್ಪಿಗೆ ಪಡೆಯಿರಿ. ಫೀಸು ತಿಂಗಳ ಮೊದಲ ವಾರವೇ ಬರಬೇಕು, ರಜೆ ಹಾಕಿದರೂ ಕಡಿತವಿಲ್ಲ ಎಂದು ಪೋಷಕರಿಗೆ ಮೊದಲ ದಿನವೇ ಹೇಳಿಬಿಡಿ.