ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದ ಫಿಲ್ಟರ್ ಚಿಪ್‌ನಲ್ಲಿ ಹದ ತಪ್ಪಿದ್ದು

ಇಸಿಜಿಯ ಓಲಾಡುವ ತಳರೇಖೆಯನ್ನು ತೆಗೆಯಲು 0.5 ಹರ್ಟ್ಸ್‌ನ ನಾಲ್ಕನೇ ದರ್ಜೆಯ ಬಟರ್‌ವರ್ತ್ ಹೈಪಾಸ್ ಫಿಲ್ಟರ್ (ನಿಧಾನದ ಏರಿಳಿತಗಳನ್ನು ತಡೆಯುವ ಲೆಕ್ಕ) ಬೇಕಿತ್ತು. ಸ್ಯಾಂಪಲಿಂಗ್ ಸೆಕೆಂಡಿಗೆ 500. 64 ಬಿಟ್ ಲೆಕ್ಕದಲ್ಲಿ ಅದು ಸೊಗಸಾಗಿ ಓಡಿತು. ಫಿಲ್ಟರ್ ಸೂತ್ರದ ಅವೇ ಗುಣಾಂಕಗಳನ್ನು 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ ಮೈಕ್ರೊಕಂಟ್ರೋಲರ್‌ಗೆ ಇಳಿಸಿದರೆ ಔಟ್‌ಪುಟ್ ಏರುತ್ತಲೇ ಹೋಯಿತು. ಕೋಡ್‌ನಲ್ಲೇ ಒಂದೇ ಒಂದು ಇಂಪಲ್ಸ್ (ಒಂದು ಸ್ಯಾಂಪಲ್‌ನ ಮಿಡಿತ) ಕೊಟ್ಟರೂ ಅದೇ ಗತಿ. ಅಂದರೆ ಸಂಕೇತವನ್ನು ಅಂಕಿಗಳಾಗಿಸುವ ಎಡಿಸಿ ನಿರಪರಾಧಿ.

ಫಿಲ್ಟರ್ ಸೂತ್ರದ ಛೇದದ ಐದು ಗುಣಾಂಕಗಳನ್ನು ಕೂಡಿದಾಗ ಗುಟ್ಟು ಹೊರಬಿತ್ತು. ಧ್ರುವಗಳೆಲ್ಲ (ಛೇದವನ್ನು ಸೊನ್ನೆಯಾಗಿಸುವ ಬೆಲೆಗಳು) 1ರ ಪಕ್ಕದಲ್ಲೇ ಗುಂಪುಗೂಡಿರುವುದರಿಂದ ಮೊತ್ತ ಸುಮಾರು 0.0000000015 ಬರಬೇಕು. ಆದರೆ ನಡುವಿನ ಗುಣಾಂಕ 6ರ ಹತ್ತಿರವಿದೆ. ಅಲ್ಲಿ 32 ಬಿಟ್ ಫ್ಲೋಟ್‌ನ ಎರಡು ನೆರೆಯ ಸಂಖ್ಯೆಗಳ ಅಂತರವೇ ಸುಮಾರು 0.0000005! ಚಿನ್ನವನ್ನು ಸೌದೆ ಡಿಪೋದ ತಕ್ಕಡಿಯಲ್ಲಿ ತೂಗಿದಂತೆ. ಧ್ರುವಗಳು ಸ್ಥಿರತೆಯ ಗಡಿಯಾದ ಏಕಮಾನ ವೃತ್ತದಿಂದ ಹೊರಬೀಳದೆ ಇನ್ನೇನು?

ಗುಣಾಂಕಗಳನ್ನು ಕೊಡುವ ಪೈಥಾನ್ ಲೈಬ್ರರಿ ಸೈಪೈನಲ್ಲಿ ಔಟ್‌ಪುಟ್ ಆಯ್ಕೆಯನ್ನು 'ಎಸ್‌ಒಎಸ್' (ಎರಡನೇ ದರ್ಜೆಯ ತುಂಡುಗಳು) ಎಂದು ಬದಲಿಸಿ, ಬೈಕ್ವಾಡ್ ಎಂಬ ಅಂಥ ಎರಡು ತುಂಡುಗಳನ್ನು ಸಾಲಾಗಿ ಜೋಡಿಸಿದೆ. ಪ್ರತಿಯೊಂದರ ಛೇದದ ಮೊತ್ತ ಈಗ ಸುಮಾರು 0.00004, ಫ್ಲೋಟ್‌ಗೆ ಧಾರಾಳ.

ಫಿಲ್ಟರ್ ಸ್ಥಿರವಾಯಿತು, ಗದ್ದಲ ಉಳಿಯಿತು. ನಾನು ಬಳಸಿದ್ದ ಲೆಕ್ಕದ ಕ್ರಮ, ಡೈರೆಕ್ಟ್ ಫಾರ್ಮ್ 2, ಮೊದಲು ಧ್ರುವಗಳ ಭಾಗವನ್ನು ನಡೆಸುತ್ತದೆ. ಎಲೆಕ್ಟ್ರೋಡ್‌ನ ಡಿಸಿ ಆಫ್‌ಸೆಟ್ (ಬದಲಾಗದ ವೋಲ್ಟೇಜ್) ಒಳಗೆ ಸುಮಾರು 25,000 ಪಟ್ಟು ಉಬ್ಬಿ, ಸಣ್ಣ ಅಂಕಿಗಳನ್ನು ನುಂಗುತ್ತದೆ. ಅದರ ಕ್ರಮ ತಿರುಗಿಸಿದ ಟ್ರಾನ್ಸ್‌ಪೋಸ್ಡ್ ರೂಪಕ್ಕೆ ಬದಲಿಸಿದ ಮೇಲೆ ರೇಖೆ ಶುಭ್ರ.

ಆರ್ಮ್ ಚಿಪ್‌ಗಳ ಸಂಕೇತ ಸಂಸ್ಕರಣಾ ಲೈಬ್ರರಿ ಸಿಎಂಎಸ್‌ಐಎಸ್-ಡಿಎಸ್‌ಪಿ ಬಳಸುವವರಿಗೆ ಒಂದು ಮಾತು: ಅದು ಛೇದದ ಗುಣಾಂಕಗಳನ್ನು ಸೈಪೈಗೆ ವಿರುದ್ಧ ಚಿಹ್ನೆಯಲ್ಲಿ ಕೇಳುತ್ತದೆ.